ಟೈಮ್ ಬದಲಾಯ್ತು, ತಂಡದವರ ಪಾಡೇನು?

ನಾಳೆ ಮದುವೆ. ದಫ್ ತಂಡಕ್ಕೆ ಹೇಳಿದ್ದು ರಾತ್ರಿ ಏಳೂವರೆಗೆ. ಇವತ್ತು ಸಂಜೆ ಒಂದು ಫೋನ್ ಬರುತ್ತದೆ. ‘ಉಸ್ತಾದೇ, ಹಾಲಿನವರು ಒಂಬತ್ತಕ್ಕೆಲ್ಲ ಖಾಲಿ ಮಾಡ್ಬೇಕು ಅಂತಾರೆ. ನೀವು ಐದಕ್ಕೇ ಬಂದ್ಬಿಡಿ, ಆಯ್ತಲ್ಲ?’

ಫೋನ್ ಮಾಡಿದವರಿಗೆ ಇದು ಅರ್ಧ ನಿಮಿಷದ ಮಾತು. ಅವರ ತಲೆಯಲ್ಲಿ ನೂರು ಕೆಲಸ ಉಂಟು. ಅಡುಗೆಯವರಿಗೆ ಹೇಳಬೇಕು, ವ್ಯಾನಿನವರಿಗೆ ಹೇಳಬೇಕು, ದೂರದ ನೆಂಟರಿಗೆ ಹೇಳಬೇಕು. ಆ ಪಟ್ಟಿಯಲ್ಲಿ ದಫ್‌ನವರದ್ದು ಕೊನೆಯ ಹೆಸರು. ಆದರೆ ಫೋನ್ ಎತ್ತಿದ ಉಸ್ತಾದರಿಗೆ ಕೆಲಸ ಶುರುವಾಗುವುದೇ ಅಲ್ಲಿಂದ. ಹತ್ತು ಹುಡುಗರಿಗೆ ಫೋನ್ ಮಾಡಬೇಕು. ಅವರಲ್ಲಿ ಮೂವರು ಎತ್ತುವುದಿಲ್ಲ, ಇಬ್ಬರು ‘ಐದಕ್ಕೆ ಆಗುದಿಲ್ಲ’ ಅನ್ನುತ್ತಾರೆ. ವಾಹನದವನಿಗೆ ಬೇರೆ ಬಾಡಿಗೆ ಉಂಟು. ಅದೇ ದಿನ ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಒಪ್ಪಿಕೊಂಡ ಕಾರ್ಯಕ್ರಮವೂ ಇರಬಹುದು.

ನಮ್ಮ ಮದುವೆ, ಮೀಲಾದ್, ಉರೂಸ್, ಶಾಲಾ ವಾರ್ಷಿಕೋತ್ಸವ, ಸಂಘದ ಸಮ್ಮೇಳನಗಳಲ್ಲಿ ದಫ್, ಕೋಲ್ಕಳಿ, ಒಪ್ಪನ, ಬ್ಯಾರಿ ಹಾಡು, ಮಾಪಿಳ್ಳೆ ಪಾಟ್ಟು ಎಲ್ಲ ಇರುತ್ತವೆ. ನಾವು ನೋಡಿ ಸಂತೋಷಪಡುತ್ತೇವೆ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತೇವೆ. ಆದರೆ ವೇದಿಕೆಗೆ ಹತ್ತುವ ಮೊದಲು ಈ ತಂಡಗಳು ಹೊತ್ತಿನ ಜತೆ ಎಷ್ಟು ಗುದ್ದಾಡುತ್ತವೆ ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೊನೇ ಗಳಿಗೆಯಲ್ಲಿ ಟೈಮ್ ಬದಲಾದಾಗ ಅದರ ಖರ್ಚು ಯಾರ ತಲೆಗೆ ಬೀಳುತ್ತದೆ? ಹೆಚ್ಚಾಗಿ ವೇದಿಕೆ ಕೊಟ್ಟವರ ತಲೆಗಲ್ಲ, ವೇದಿಕೆ ಹತ್ತುವವರ ತಲೆಗೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಬ್ಬೊಬ್ಬನದ್ದೂ ಒಂದು ದಿನ

ದಫ್ ಬಾರಿಸುವವರಲ್ಲಿ ಅದನ್ನೇ ನಂಬಿ ಬದುಕುವವರು ಕಡಿಮೆ. ಒಬ್ಬ ದಕ್ಕೆಯಲ್ಲಿ ಕೆಲಸ ಮಾಡುತ್ತಾನೆ, ಒಬ್ಬ ಬಟ್ಟೆಯಂಗಡಿಯಲ್ಲಿ ನಿಲ್ಲುತ್ತಾನೆ, ಒಬ್ಬ ರಿಕ್ಷಾ ಓಡಿಸುತ್ತಾನೆ, ಇನ್ನೊಬ್ಬ ಕಾಲೇಜಿಗೆ ಹೋಗುತ್ತಾನೆ, ಕಲಿಸುವ ಉಸ್ತಾದರು ಬೆಳಗ್ಗೆ ಮದರಸದಲ್ಲಿರುತ್ತಾರೆ. ಏಳೂವರೆಯ ಕಾರ್ಯಕ್ರಮ ಅಂದರೆ ಇವರು ದಿನದ ಕೆಲಸ ಮುಗಿಸಿ ಬರಬಹುದು. ಅದು ಐದಕ್ಕೆ ಬಂತೆಂದರೆ ಮಧ್ಯಾಹ್ನವೇ ಕೆಲಸ ಬಿಡಬೇಕು. ಅರ್ಧ ದಿನದ ಸಂಬಳ ಹೋಯಿತು.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಹತ್ತು ಜನರ ತಂಡ. ಒಬ್ಬೊಬ್ಬನ ಅರ್ಧ ದಿನದ ಕೂಲಿ 400 ರೂಪಾಯಿ. ಹತ್ತು ಜನರದ್ದು ಸೇರಿದರೆ 4,000 ರೂಪಾಯಿ. ಮೊದಲು ಹೇಳಿದ ವಾಹನ ಆ ಹೊತ್ತಿಗೆ ಸಿಗದೆ ಬೇರೆ ವಾಹನ ಮಾಡಿದರೆ ಬಾಡಿಗೆ 1,000 ರೂಪಾಯಿ ಹೆಚ್ಚು. ಅಲ್ಲಿಗೆ 5,000 ಆಯಿತು. ಮಾತಾಡಿದ್ದು ಒಟ್ಟು 12,000 ಆಗಿದ್ದರೆ ಕೈಗೆ ಬರುವುದು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲೂ ಸಮವಸ್ತ್ರ ಒಗೆಸುವ ಖರ್ಚು, ಚಾ ತಿಂಡಿ, ಹೊಸ ಚರ್ಮ ಹಾಕಿಸುವ ಖರ್ಚು ಕಳೆಯಬೇಕು. ಮದುವೆ ಮನೆಯವರು ಒಂದು ರೂಪಾಯಿಯೂ ಕಡಿಮೆ ಕೊಡಲಿಲ್ಲ. ಆದರೂ ತಂಡಕ್ಕೆ ನಷ್ಟ ಆಯಿತು. ಈ ನಷ್ಟ ಯಾವ ರಶೀದಿಯಲ್ಲೂ ಕಾಣುವುದಿಲ್ಲ.

ಕೋಲ್ಕಳಿಯ ಕಷ್ಟ ಇನ್ನೊಂದು ತೆರ. ಅದು ಜೋಡಿಯ ಆಟ. ಎದುರಿನವನ ಕೋಲಿಗೆ ಕೋಲು ತಾಗಿಸಿ, ತಾಳಕ್ಕೆ ಸರಿಯಾಗಿ ಜಾಗ ಬದಲಾಯಿಸುತ್ತಾ ಹೋಗಬೇಕು. ಒಬ್ಬ ಬರದಿದ್ದರೆ ಒಬ್ಬನಲ್ಲ, ಒಂದು ಜೋಡಿಯೇ ಕೆಡುತ್ತದೆ. ದಫ್‌ನಲ್ಲಿ ಸಾಲಿನ ನಡುವೆ ಒಂದು ಜಾಗ ಖಾಲಿಯಾದರೆ ಹೇಗೋ ಹತ್ತಿರ ಹತ್ತಿರ ನಿಂತು ಸುಧಾರಿಸಬಹುದು. ಆದರೆ ಬರದವನು ಮುಂದೆ ನಿಂತು ಹಾಡಿಕೊಡುವವನೇ ಆದರೆ ಆವತ್ತಿನ ಕಾರ್ಯಕ್ರಮವೇ ಇಲ್ಲ.

ಬದಲಾಗುವುದು ಯಾಕೆ?

ಎಲ್ಲ ಬದಲಾವಣೆಗೂ ಯಾರದ್ದೋ ಉಡಾಫೆಯೇ ಕಾರಣ ಅನ್ನಲಾಗದು. ಕಾರಣಗಳು ಬೇರೆ ಬೇರೆ. ಅವನ್ನು ಗೊತ್ತು ಮಾಡಿಕೊಂಡ ತಂಡ ಮೊದಲೇ ತಯಾರಾಗಿರುತ್ತದೆ.

ಮೊದಲನೆಯದು ಹಾಲ್. ಸೀಸನಿನಲ್ಲಿ ಒಂದೇ ಹಾಲಿನಲ್ಲಿ ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಕಾರ್ಯಕ್ರಮ ಇರುತ್ತದೆ. ಮಧ್ಯಾಹ್ನದವರ ಊಟ ತಡವಾದರೆ ರಾತ್ರಿಯವರ ಸ್ಟೇಜ್ ಅಲಂಕಾರ ತಡ, ಅಲಂಕಾರ ತಡವಾದರೆ ಸೌಂಡಿನವರು ತಡ, ಸೌಂಡ್ ಇಲ್ಲದೆ ಹಾಡುವವರು ಕಾದು ಕೂರಬೇಕು. ಮದುಮಗನ ದಿಬ್ಬಣ ದೂರದಿಂದ ಬರುವುದಾದರೆ ಹೆದ್ದಾರಿಯ ಬ್ಲಾಕನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಎರಡನೆಯದು ಭಾಷಣ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಶುರುವಾದ ಮೇಲೆ ನಮ್ಮ ಹಾಡು, ದಫ್, ಕೋಲ್ಕಳಿಗಳಿಗೆ ಮನೆ ಅಂಗಳದಾಚೆಯ ವೇದಿಕೆಗಳೂ ಹೆಚ್ಚಿದವು. ಸಂತೋಷದ ವಿಷಯ. ಆದರೆ ಸಭಾ ಕಾರ್ಯಕ್ರಮ ಎಲ್ಲೇ ನಡೆಯಲಿ, ಯಾರೇ ನಡೆಸಲಿ, ಆಹ್ವಾನ ಪತ್ರಿಕೆಯಲ್ಲಿ ಹತ್ತು ಅತಿಥಿಗಳ ಹೆಸರು ಇದ್ದರೆ ‘ಬಳಿಕ ಸಾಂಸ್ಕೃತಿಕ ಕಾರ್ಯಕ್ರಮ’ ಅನ್ನುವ ಆ ‘ಬಳಿಕ’ ಎಷ್ಟು ಹೊತ್ತಿಗೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಒಂದೂವರೆ ಗಂಟೆ ಕೊಡುತ್ತೇವೆಂದು ಕರೆದ ತಂಡಕ್ಕೆ ಕೊನೆಗೆ ಇಪ್ಪತ್ತು ನಿಮಿಷ ಸಿಕ್ಕುವುದು ಹೀಗೆ.

ಮೂರನೆಯದು ನಾವು ಹೊತ್ತು ಹೇಳುವ ಕ್ರಮ. ‘ಮಗ್ರಿಬ್ ಆದ ಮೇಲೆ ಶುರು’ ಎಂದರೆ ನಮಗೆಲ್ಲ ಅರ್ಥವಾಗುತ್ತದೆ. ಆದರೆ ಮಂಗಳೂರಿನಲ್ಲಿ ನವೆಂಬರ್ ತಿಂಗಳಿನಲ್ಲಿ ಸೂರ್ಯ ಮುಳುಗುವುದು ಸುಮಾರು ಆರು ಗಂಟೆಗೆ, ಜುಲೈ ತಿಂಗಳಿನಲ್ಲಿ ಸುಮಾರು ಏಳಕ್ಕೆ. ಒಂದೇ ಮಾತಿಗೆ ಒಂದು ಗಂಟೆಯ ವ್ಯತ್ಯಾಸ. ಇನ್ನು ‘ಇಶಾ ಆದ ಮೇಲೆ’ ಅಂದರೆ ಜುಲೈಯಲ್ಲಿ ನಮಾಝ್ ಮುಗಿಸಿ ಜನ ಬಂದು ಕೂರುವಾಗ ಎಂಟೂವರೆ ದಾಟುತ್ತದೆ. ಸೌಂಡಿನವರಿಗೆ, ಬೇರೆ ಊರಿನಿಂದ ಬರುವ ಕೀಬೋರ್ಡಿನವರಿಗೆ ಗಡಿಯಾರದ ಹೊತ್ತು ಹೇಳದಿದ್ದರೆ ಗೊಂದಲ ಖಂಡಿತ.

ನಾಲ್ಕನೆಯದು ಹತ್ತು ಗಂಟೆಯ ಗೆರೆ. ಕೇಂದ್ರ ಸರಕಾರದ ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಾದ್ಯಗಳೂ ಇದರಲ್ಲಿ ಬರುತ್ತವೆ. ಹಾಗಾಗಿ ‘ಮೈಕ್ ಇಲ್ಲ, ಬರೀ ದಫ್ ಅಲ್ವಾ’ ಎಂದರೆ ನಡೆಯುವುದಿಲ್ಲ. ಮುಚ್ಚಿದ ಸಭಾಂಗಣದೊಳಗೆ, ಒಳಗಿನವರಿಗಷ್ಟೇ ಕೇಳುವಂತೆ ಬಳಸಿದರೆ ವಿನಾಯಿತಿ ಉಂಟು. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ಮಧ್ಯರಾತ್ರಿ 12ರ ವರೆಗೆ ರಾಜ್ಯ ಸರಕಾರ ಸಡಿಲಿಕೆ ಕೊಡಬಹುದು. ಆದರೆ ಅದು ವರ್ಷದಲ್ಲಿ ಒಟ್ಟು 15 ದಿನ ಮೀರಬಾರದು. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಈ ರಾತ್ರಿ ನಿರ್ಬಂಧವನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಈಗ ಎರಡನ್ನೂ ಕೂಡಿಸಿ ನೋಡಿ. ಜುಲೈಯಲ್ಲಿ ಇಶಾ ಬಳಿಕ ಶಾಮಿಯಾನದಡಿ ಕಾರ್ಯಕ್ರಮ ಇಟ್ಟರೆ ಸಿಗುವುದು ಒಂದೂವರೆ ಗಂಟೆ ಮಾತ್ರ. ಅದರಲ್ಲಿ ಸ್ವಾಗತ, ಸನ್ಮಾನ, ಭಾಷಣ ಎಲ್ಲ ಆಗಬೇಕು. ಹಾಡಿಗೆ ಉಳಿಯುವುದು ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಐದನೆಯದು ಚಂದ್ರ. ತಿಂಗಳು 29ಕ್ಕೆ ಮುಗಿಯುತ್ತದೋ 30ಕ್ಕೆ ಮುಗಿಯುತ್ತದೋ ಎಂಬುದು ಆ ಸಂಜೆಯೇ ತಿಳಿಯುವುದು. ‘ಈದಿನ ಮರುದಿನ ಗಾನಮೇಳ’ ಎಂದು ಒಪ್ಪಿಕೊಂಡ ತಂಡಕ್ಕೆ ದಿನಾಂಕ ಗಟ್ಟಿಯಾಗುವುದು ಎರಡು ದಿನ ಮೊದಲು. ಕರಾವಳಿಯಲ್ಲಿ ಒಂದು ದಿನ, ಬೆಂಗಳೂರಿನಲ್ಲಿ ಮರುದಿನ ಹಬ್ಬ ಬಂದ ವರ್ಷಗಳೂ ಉಂಟು. ಎರಡೂ ಕಡೆ ಕಾರ್ಯಕ್ರಮ ಒಪ್ಪಿಕೊಂಡವರಿಗೆ ಬಸ್ಸಿನ ಟಿಕೇಟೇ ತಲೆನೋವು.

ಕೊನೆಯದಾಗಿ ಮಳೆ, ಮರಣ, ನಿಷೇಧಾಜ್ಞೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಜಮಾಅತಿನಲ್ಲಿ ಒಂದು ಮಯ್ಯಿತ್ ಆದರೆ ಆವತ್ತು ಹಾಡು, ದಫ್ ನಿಲ್ಲಿಸುವುದು ನಮ್ಮ ಮರ್ಯಾದೆ. ಊರಿನಲ್ಲಿ ಏನಾದರೂ ಗಲಾಟೆಯಾಗಿ ನಿಷೇಧಾಜ್ಞೆ ಬಂದರೆ ಮಾತೇ ಇಲ್ಲ. ಇವುಗಳಿಗೆ ಯಾರನ್ನೂ ದೂರಲಾಗದು. ಆದರೆ ಹೀಗಾದರೆ ಎಂತ ಮಾಡುದು ಎಂದು ಮೊದಲೇ ಮಾತಾಡಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಅನುಭವಿಗಳು ಹೇಗೆ ನಿಭಾಯಿಸುತ್ತಾರೆ

ಹಲವು ವರ್ಷಗಳಿಂದ ವೇದಿಕೆ ಹತ್ತುತ್ತಿರುವ ತಂಡಗಳಲ್ಲಿ ಕೆಲವು ಪದ್ಧತಿಗಳು ತಾವಾಗಿಯೇ ಬೆಳೆದುಬಂದಿವೆ. ಹೊಸ ಹುಡುಗರು ಇವನ್ನು ನೋಡಿ ಕಲಿಯಬಹುದು.

ಒಂದು, ಮಾತಾಡುವವನು ಒಬ್ಬನೇ. ಮದುವೆ ಮನೆಯ ಕಡೆಯಿಂದ ಮಾವ ಒಂದು ಹೊತ್ತು ಹೇಳುತ್ತಾರೆ, ಭಾವ ಇನ್ನೊಂದು ಹೇಳುತ್ತಾನೆ, ಹಾಲಿನ ಮ್ಯಾನೇಜರ್ ಮೂರನೆಯದು ಹೇಳುತ್ತಾನೆ. ತಂಡದಲ್ಲೂ ನಾಲ್ಕು ಜನ ಫೋನ್ ಎತ್ತಿದರೆ ಕಥೆ ಮುಗಿಯಿತು. ಆದ್ದರಿಂದ ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು. ಇವರಿಬ್ಬರ ನಡುವೆ ಆದ ಮಾತೇ ಮಾತು.

ಎರಡು, ಬಾಯಿಮಾತು ಆದ ಕೂಡಲೇ ವಾಟ್ಸ್ಆ್ಯಪಿನಲ್ಲಿ ಎರಡು ಸಾಲು ಹಾಕಿಡುವುದು. ‘ಇಚ್ಚ, ನೀವು ಹೇಳಿದ ಹಾಗೆ ಭಾನುವಾರ ಸಂಜೆ 7.30ಕ್ಕೆ ಸ್ಟೇಜಿಗೆ ಹತ್ತುತ್ತೇವೆ, 45 ನಿಮಿಷ. ಬದಲಾವಣೆ ಇದ್ದರೆ ಶುಕ್ರವಾರ ರಾತ್ರಿಯೊಳಗೆ ಹೇಳಿ.’ ಇದರಲ್ಲಿ ಜಗಳದ ಮಾತು ಒಂದೂ ಇಲ್ಲ. ಆದರೆ ದಿನ, ಹೊತ್ತು, ಎಷ್ಟು ನಿಮಿಷ, ಬದಲಾವಣೆಗೆ ಗಡುವು ಎಲ್ಲ ಉಂಟು. ಹಿರಿಯರಿಗೆ ಹೀಗೆ ಬರೆದು ಕಳುಹಿಸುವುದು ಅಗೌರವ ಆದೀತೋ ಎಂದು ಕೆಲವರಿಗೆ ಸಂಕೋಚ. ಗೌರವದಿಂದ ಬರೆದರೆ ಅಗೌರವ ಯಾಕಾಗುತ್ತದೆ? ಮರೆತುಹೋಗುವ ಹಿರಿಯರಿಗೂ ಅದೇ ಉಪಕಾರ.

ಮೂರು, ಹಾಡುಗಳ ಪಟ್ಟಿ ಮೂರು ಅಳತೆಯಲ್ಲಿ ಇಟ್ಟುಕೊಳ್ಳುವುದು. ಪೂರ್ತಿ ಒಂದೂವರೆ ಗಂಟೆಯದ್ದು ಒಂದು, ಮುಕ್ಕಾಲು ಗಂಟೆಯದ್ದು ಒಂದು, ಇಪ್ಪತ್ತು ನಿಮಿಷದ್ದು ಒಂದು. ಸ್ಟೇಜಿನ ಬದಿಯಲ್ಲಿ ಯಾರೋ ಬಂದು ‘ಸ್ವಲ್ಪ ಬೇಗ ಮುಗಿಸಿ’ ಅಂದಾಗ ಯಾವ ಹಾಡು ಬಿಡುವುದು ಎಂದು ಅಲ್ಲೇ ಪಿಸುಗುಟ್ಟುತ್ತಾ ನಿಂತರೆ ನೋಡುವವರಿಗೂ ಚೆಂದ ಕಾಣುವುದಿಲ್ಲ. ಇಪ್ಪತ್ತು ನಿಮಿಷದ ಪಟ್ಟಿಯಲ್ಲಿ ಮದುಮಗನ ಮನೆಯವರು ಕೇಳಿದ ಹಾಡು ಖಂಡಿತ ಇರಬೇಕು. ಉಳಿದದ್ದು ಹೋದರೂ ಯಾರೂ ನೆನಪಿಡುವುದಿಲ್ಲ, ಅದೊಂದು ಹೋದರೆ ಹತ್ತು ವರ್ಷ ಹೇಳುತ್ತಾರೆ.

ನಾಲ್ಕು, ಬದಲಿ ಜನ. ಅಕ್ಕಪಕ್ಕದ ಊರಿನ ತಂಡಗಳ ನಡುವೆ ಸ್ಪರ್ಧೆ ಇದ್ದದ್ದೇ. ಆದರೂ ಒಂದೇ ಹಾಡಿಗೆ ಒಂದೇ ತಾಳ, ಒಂದೇ ಹೆಜ್ಜೆ ಕಲಿತ ಇಬ್ಬರು ಮೂವರನ್ನು ಆ ಕಡೆ ಈ ಕಡೆ ಕೊಟ್ಟು ತೆಗೆದುಕೊಳ್ಳುವ ಒಪ್ಪಂದ ಇಟ್ಟುಕೊಂಡವರು ಕಷ್ಟದಲ್ಲಿ ಉಳಿಯುತ್ತಾರೆ. ಒಬ್ಬರೇ ಉಸ್ತಾದರ ಬಳಿ ಕಲಿತ ತಂಡಗಳಿಗೆ ಇದು ಸುಲಭ. ಹಾಡಿಕೊಡುವವರಂತೂ ಪ್ರತಿ ತಂಡದಲ್ಲೂ ಕಡಿಮೆ ಅಂದರೆ ಇಬ್ಬರು ಇರಬೇಕು.

ಐದು, ದಫ್‌ನ ಚರ್ಮ. ಇದು ಹೊರಗಿನವರಿಗೆ ಗೊತ್ತಾಗದ ವಿಷಯ. ಆಡಿನ ಚರ್ಮ ಹಾಕಿದ ದಫ್ ತೇವಕ್ಕೆ ಸಡಿಲಾಗುತ್ತದೆ, ಬಿಸಿಗೆ ಬಿಗಿಯಾಗುತ್ತದೆ. ಬಾರಿಸುವ ಮೊದಲು ಬೆಂಕಿಯ ಕಾವು ತೋರಿಸಿ ನಾದ ಕೂಡಿಸಿಕೊಳ್ಳುತ್ತಾರೆ. ಏಳೂವರೆಗೆ ಎಂದು ಕಾಯಿಸಿ ಇಟ್ಟ ದಫ್‌ಗಳನ್ನು ಒಂಬತ್ತರ ವರೆಗೆ ಮಳೆಗಾಲದ ಗಾಳಿಗೆ ಹಿಡಿದುಕೊಂಡು ನಿಂತರೆ ಎಲ್ಲವೂ ಇಳಿದುಹೋಗುತ್ತವೆ. ಪುನಃ ಕಾಯಿಸಬೇಕು. ಅದೂ ಎಲ್ಲ ಒಂದೇ ನಾದಕ್ಕೆ ಬರಬೇಕು. ಆದ್ದರಿಂದ ಅನುಭವಿಗಳು ‘ಈಗ ಹತ್ತಿ’ ಅಂದಾಗ ಹತ್ತುವುದಿಲ್ಲ, ‘ಹತ್ತು ನಿಮಿಷ ಮೊದಲು ಹೇಳಿ’ ಎಂದು ಸ್ಟೇಜಿನವರಿಗೆ ತಿಳಿಸಿಡುತ್ತಾರೆ. ಫೈಬರ್ ಹೊದಿಕೆಯ ದಫ್ ಬಳಸುವವರಿಗೆ ಈ ತಾಪತ್ರಯ ಇಲ್ಲ. ಆದರೆ ಚರ್ಮದ ನಾದವೇ ಬೇರೆ ಎಂದು ಕಿವಿ ಇದ್ದವರು ಹೇಳುತ್ತಾರೆ.

ಆರು, ಎರಡು ಕಾರ್ಯಕ್ರಮಗಳ ನಡುವಿನ ಸಂದು. ಉಳ್ಳಾಲದಲ್ಲಿ ಐದಕ್ಕೆ, ಬಂಟ್ವಾಳದಲ್ಲಿ ಏಳಕ್ಕೆ ಎಂದು ಒಪ್ಪಿಕೊಂಡರೆ ಕಾಗದದ ಮೇಲೆ ಸರಿ. ಮೊದಲನೆಯದು ಅರ್ಧ ಗಂಟೆ ತಡವಾದರೆ ಎರಡನೆಯದೂ ಹೋಯಿತು. ಒಂದು ಮನೆಯ ತಡಕ್ಕೆ ಇನ್ನೊಂದು ಮನೆಯವರ ಎದುರು ತಲೆ ತಗ್ಗಿಸಬೇಕಾದೀತು. ಹೀಗಾಗಿ ದಿನಕ್ಕೆ ಒಂದೇ ಸಾಕು ಎನ್ನುವ ತಂಡಗಳೂ ಉಂಟು. ಹಣ ಕಡಿಮೆ, ಹೆಸರು ಉಳಿಯುತ್ತದೆ.

ಅಡ್ವಾನ್ಸ್ ಯಾರದ್ದು?

ಜಗಳ ಹುಟ್ಟುವುದು ಇಲ್ಲಿಯೇ. ಕಾರ್ಯಕ್ರಮ ರದ್ದಾದರೆ ಅಡ್ವಾನ್ಸ್ ವಾಪಸ್ ಕೊಡಬೇಕೋ ಬೇಡವೋ? ದಿನ ಮುಂದೆ ಹೋದರೆ ಅದೇ ಅಡ್ವಾನ್ಸ್ ನಡೆಯುತ್ತದೋ?

ನಮ್ಮ ದೇಶದಲ್ಲಿ ಇದಕ್ಕೆ 1872ರ ಕರಾರು ಕಾಯ್ದೆ ಉಂಟು. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಅದಕ್ಕೆ ಸ್ಟ್ಯಾಂಪ್ ಪೇಪರ್ ಬೇಕೆಂದಿಲ್ಲ. ಆದರೆ ತಕರಾರು ಬಂದಾಗ ಮಾತು ಆಗಿತ್ತು ಎಂದು ತೋರಿಸಬೇಕಲ್ಲ, ಅಲ್ಲಿಯೇ ವಾಟ್ಸ್ಆ್ಯಪಿನ ಎರಡು ಸಾಲು ಕೆಲಸಕ್ಕೆ ಬರುತ್ತದೆ. ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಹಳೆಯ ಒಪ್ಪಂದದ ಜಾಗಕ್ಕೆ ಹೊಸದು ಬರಬೇಕಾದರೆ ಎರಡೂ ಕಡೆಯವರು ಒಪ್ಪಬೇಕು. ಅಂದರೆ ಹೊತ್ತು ಬದಲಾಯಿಸುವುದು ಒಬ್ಬರ ಹುಕುಂ ಅಲ್ಲ, ಅದೊಂದು ಕೋರಿಕೆ. 53ನೇ ಸೆಕ್ಷನ್ ಇನ್ನೂ ಮುಖ್ಯ. ಒಬ್ಬ ಕೆಲಸ ಮಾಡಲು ತಯಾರಾಗಿ ಬಂದಿದ್ದಾನೆ, ಇನ್ನೊಬ್ಬ ಅದನ್ನು ಮಾಡಲು ಬಿಡಲಿಲ್ಲ ಎಂದಾದರೆ, ತಯಾರಿದ್ದವನು ಬೇಕಾದರೆ ಆ ಒಪ್ಪಂದದಿಂದ ಹಿಂದೆ ಸರಿಯಬಹುದು, ತನಗಾದ ನಷ್ಟವನ್ನೂ ಕೇಳಬಹುದು. ಸಮವಸ್ತ್ರ ಹಾಕಿ, ದಫ್ ಕಾಯಿಸಿ, ಹೇಳಿದ ಹೊತ್ತಿಗೆ ಹಾಜರಿದ್ದ ತಂಡಕ್ಕೆ ವೇದಿಕೆಯೇ ಸಿಗದಿದ್ದರೆ ಮಾತಾಡಿದ ಹಣ ಕೇಳುವುದು ದುರಾಸೆ ಅಲ್ಲ.

ಇನ್ನು ಯಾರ ಕೈಯಲ್ಲೂ ಇಲ್ಲದ ಕಾರಣ. 2020ರ ಮಾರ್ಚ್ 25ರಿಂದ ದೇಶವೇ ಬಂದ್ ಆಯಿತು. ಆಮೇಲೆ ಮದುವೆಗೆ 50 ಜನ ಎಂಬ ಮಿತಿ ಬಂತು. ತಂಡಗಳು ಒಪ್ಪಿಕೊಂಡಿದ್ದ ಕಾರ್ಯಕ್ರಮಗಳೆಲ್ಲ ಹೋದವು. ಇಂಥ ಸಂದರ್ಭಕ್ಕೆ ಅದೇ ಕಾಯ್ದೆಯ 56 ಮತ್ತು 65ನೇ ಸೆಕ್ಷನ್‌ಗಳು ಉಂಟು. ಒಪ್ಪಂದದ ಕೆಲಸ ನಡೆಸಲು ಸಾಧ್ಯವೇ ಇಲ್ಲದಂತಾದರೆ ಒಪ್ಪಂದ ಅಲ್ಲಿಗೆ ಮುಗಿಯುತ್ತದೆ, ಅದರಿಂದ ಪಡೆದದ್ದನ್ನು ಹಿಂತಿರುಗಿಸಬೇಕು. ಕಾಯ್ದೆಯ ಮಾತು ಹೀಗೆ. ಆದರೆ ಎಂಟು ಹತ್ತು ಸಾವಿರಕ್ಕಾಗಿ ಒಂದೇ ಜಮಾಅತಿನವರ ಮೇಲೆ ಕೋರ್ಟಿಗೆ ಹೋಗುವವರು ಯಾರು? ಹೋಗಲೂಬಾರದು. ಅದಕ್ಕೇ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಮಳೆ, ಮರಣ, ನಿಷೇಧಾಜ್ಞೆಗೆ ನಿಂತರೆ ಅಡ್ವಾನ್ಸ್ ಮುಂದಿನ ದಿನಕ್ಕೆ ಜಮಾ. ಮನೆಯವರೇ ಎರಡು ದಿನದೊಳಗೆ ರದ್ದು ಮಾಡಿದರೆ ಅಡ್ವಾನ್ಸ್ ತಂಡಕ್ಕೆ. ತಂಡವೇ ತಪ್ಪಿಸಿದರೆ ಪೂರ್ತಿ ವಾಪಸ್, ಜತೆಗೆ ಬೇರೆ ತಂಡ ಹುಡುಕಿ ಕೊಡುವ ಹೊಣೆ. ಮೂರು ವಾಕ್ಯ ಸಾಕು. ಮೂರನೆಯ ವಾಕ್ಯವನ್ನು ತಂಡದವರೇ ಮೊದಲು ಹೇಳಿದರೆ ಉಳಿದೆರಡನ್ನು ಮನೆಯವರು ಸಂತೋಷದಿಂದ ಒಪ್ಪುತ್ತಾರೆ.

ಗಲ್ಫಿನ ವೇದಿಕೆ

ನಮ್ಮ ಹಾಡುಗಾರರಿಗೆ ಕಡಲಾಚೆಯೂ ವೇದಿಕೆ ಉಂಟು. ದುಬೈ, ಶಾರ್ಜಾ, ದಮಾಮ್, ಜುಬೈಲ್, ಮಸ್ಕತ್ತುಗಳಲ್ಲಿ ನಮ್ಮವರ ಸಂಘಗಳು ಇಲ್ಲಿಂದ ಕಲಾವಿದರನ್ನು ಕರೆಸುತ್ತವೆ. ಅಲ್ಲಿ ದಿನ ಬದಲಾದರೆ ಬದಲಾಗುವುದು ಬರೀ ದಿನವಲ್ಲ. ವಿಮಾನದ ಟಿಕೇಟು, ವೀಸಾ, ಹಾಲಿನ ಬುಕ್ಕಿಂಗ್, ಅಲ್ಲಿನ ಸರಕಾರದಿಂದ ಪಡೆಯಬೇಕಾದ ಕಾರ್ಯಕ್ರಮದ ಪರವಾನಿಗೆ ಎಲ್ಲವೂ ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದು ಎಳೆ ಜಾರಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ.

ದಿನಗಳ ಲೆಕ್ಕವೇ ಅಲ್ಲಿ ಒಮ್ಮೆ ಬದಲಾಯಿತು. ಯುಎಇಯಲ್ಲಿ ಮೊದಲು ಶುಕ್ರವಾರ, ಶನಿವಾರ ಸರಕಾರಿ ರಜೆ ಇತ್ತು. 2022ರ ಜನವರಿ 1ರಿಂದ ಅದು ಶುಕ್ರವಾರ ಅರ್ಧ ದಿನ, ಶನಿವಾರ, ಭಾನುವಾರ ಪೂರ್ತಿ ಎಂದಾಯಿತು. ಗುರುವಾರ ರಾತ್ರಿ, ಶುಕ್ರವಾರ ಸಂಜೆ ಎಂದು ಕೂಟ ಇಡುತ್ತಿದ್ದವರು ತಮ್ಮ ರೂಢಿಯನ್ನೇ ಬದಲಾಯಿಸಬೇಕಾಯಿತು. ಆದರೆ ಆ ಬದಲಾವಣೆ ಸುಮಾರು ಮೂರು ವಾರ ಮೊದಲೇ ಪ್ರಕಟವಾಗಿತ್ತು. ದೊಡ್ಡ ಬದಲಾವಣೆಯೂ ಮೊದಲೇ ತಿಳಿದರೆ ಹೊಂದಿಸಿಕೊಳ್ಳಬಹುದು, ಸಣ್ಣದಾದರೂ ರಾತ್ರೋರಾತ್ರಿ ತಿಳಿದರೆ ಕಷ್ಟ. ಊರಿನ ಮದುವೆಗೂ ಇದೇ ಮಾತು.

ಮುಂಬೈಯ ಒಂದು ಉದಾಹರಣೆಯನ್ನೂ ಇಲ್ಲಿ ನೆನೆಯಬಹುದು. 2023ರಲ್ಲಿ ಮೀಲಾದ್ ಮತ್ತು ಗಣೇಶ ವಿಸರ್ಜನೆಯ ಅನಂತ ಚತುರ್ದಶಿ ಎರಡೂ ಸೆಪ್ಟೆಂಬರ್ 28ಕ್ಕೇ ಬಂದವು. ಅಲ್ಲಿನ ಮುಸ್ಲಿಂ ಮುಖಂಡರು ಕೂತು ಮಾತಾಡಿ, ಮೆರವಣಿಗೆಯನ್ನು 29ಕ್ಕೆ ಇಟ್ಟುಕೊಂಡರು. ಕೊನೇ ಗಳಿಗೆಯ ವರೆಗೆ ಕಾಯದೆ ಮೊದಲೇ ತೀರ್ಮಾನಿಸಿದ್ದರಿಂದ ಪೊಲೀಸರಿಗೂ, ವಾಹನದವರಿಗೂ, ಸೇರುವ ಜನರಿಗೂ ಹೊಂದಿಸಿಕೊಳ್ಳಲು ದಾರಿಯಾಯಿತು.

ಮನೆಯವರು ಮಾಡಬಹುದಾದ್ದು

ಈ ಪುಟ ಓದುವ ಹೆಚ್ಚಿನವರು ತಂಡದವರಲ್ಲ, ತಂಡ ಕರೆಯುವವರು. ಮಗಳ ಮದುವೆಗೋ, ಮದರಸದ ವಾರ್ಷಿಕಕ್ಕೋ, ಸಂಘದ ಕೂಟಕ್ಕೋ ಒಂದಲ್ಲ ಒಂದು ಸಲ ನಾವೇ ಆ ಫೋನ್ ಮಾಡುವವರು. ಆದ್ದರಿಂದ ನಮ್ಮ ಕಡೆಯಿಂದ ಆಗಬೇಕಾದ್ದು ಕೆಲವು ಉಂಟು.

ಹಾಲ್ ಬುಕ್ ಮಾಡುವಾಗಲೇ ಕೇಳಿ: ಸ್ಟೇಜ್ ನಮ್ಮ ಕೈಗೆ ಸಿಗುವುದು ಎಷ್ಟು ಗಂಟೆಗೆ, ಖಾಲಿ ಮಾಡಬೇಕಾದ್ದು ಎಷ್ಟು ಗಂಟೆಗೆ? ಅದು ತಿಳಿದ ಮೇಲೆ ತಂಡಕ್ಕೆ ಹೊತ್ತು ಹೇಳಿ. ಎಷ್ಟೋ ಸಲ ಹೊತ್ತು ‘ಬದಲಾಗಿ’ರುವುದಿಲ್ಲ, ಮೊದಲೇ ಕೇಳದೆ ಅಂದಾಜಿಗೆ ಹೇಳಿರುತ್ತೇವೆ ಅಷ್ಟೆ.

ನಮಾಝಿನ ಹೊತ್ತಿನ ಜತೆ ಗಡಿಯಾರದ ಹೊತ್ತನ್ನೂ ಹೇಳಿ. ‘ಮಗ್ರಿಬ್ ಆದ ಮೇಲೆ, ಅಂದರೆ ಏಳು ಕಾಲಕ್ಕೆ.’ ಇಷ್ಟು ಸಾಕು.

ಅಡುಗೆಯವರಿಗೆ ಬದಲಾವಣೆ ಹೇಳುವ ದಿನವೇ ದಫ್‌ನವರಿಗೂ ಹೇಳಿ. ಸಾವಿರ ಜನರ ಊಟದ ವಿಷಯ ಆದ್ದರಿಂದ ಅಡುಗೆಯವರಿಗೆ ತಪ್ಪದೆ ಹೇಳುತ್ತೇವೆ. ಅದೇ ಉಸಿರಿಗೆ ಇನ್ನೊಂದು ಫೋನ್ ಮಾಡಿದರೆ ಮುಗಿಯಿತು.

ಹೊತ್ತು ಬದಲಾಯಿಸುವಾಗ ‘ಬಂದ್ಬಿಡಿ’ ಅನ್ನುವ ಬದಲು ‘ಬರ್ಲಿಕ್ಕೆ ಆಗ್ತದಾ?’ ಎಂದು ಕೇಳಿ. ಆಗದು ಎಂದರೆ ಬೇಸರಿಸಬೇಡಿ. ಆಗುತ್ತದೆ ಎಂದರೆ ಕೆಲಸ ಬಿಟ್ಟು ಬರುವ ಹುಡುಗರ ಅರ್ಧ ದಿನದ ಕೂಲಿಯನ್ನು ನೆನಪಿಡಿ. ಮದುವೆಯ ಒಟ್ಟು ಖರ್ಚಿನಲ್ಲಿ ಒಂದೆರಡು ಸಾವಿರ ದೊಡ್ಡದಲ್ಲ, ಹತ್ತು ಹುಡುಗರಿಗೆ ಅದು ದೊಡ್ಡದು.

ಕಾಯಬೇಕಾದರೆ ಕೂರಲಿಕ್ಕೆ ಒಂದು ಜಾಗ, ಕುಡಿಯಲಿಕ್ಕೆ ನೀರು, ಊಟದ ಹೊತ್ತಾದರೆ ಊಟ. ತಂಡದ ಹುಡುಗರು ಹಾಲಿನ ಹಿಂದುಗಡೆ ಬೈಕುಗಳ ಮೇಲೆ ಕೂತು ಎರಡು ಗಂಟೆ ಕಾಯುವುದು, ಕೊನೆಗೆ ಎಲ್ಲರ ಊಟ ಆದ ಮೇಲೆ ಉಳಿದದ್ದು ಅವರಿಗೆ ಬಡಿಸುವುದು ನಮ್ಮಂಥವರ ಮನೆಗೆ ಭೂಷಣ ಅಲ್ಲ. ಬಂದವರಿಗೆ ಮೊದಲು ಬಡಿಸುವುದು ಬ್ಯಾರಿಗಳ ಮನೆಯ ರೀತಿ. ತಂಡದವರೂ ಬಂದವರೇ.

ಸಭೆ ನಡೆಸುವ ಸಂಘಗಳಿಗೆ ಒಂದು ಮಾತು. ಹಾಡನ್ನು ಕೊನೆಗೆ ಇಡಲೇಬೇಕೆಂದಿಲ್ಲ. ಅತಿಥಿಗಳು ಬರುವುದು ತಡವಾದರೆ ತಂಡವನ್ನು ಮೊದಲೇ ಹತ್ತಿಸಿ. ಕಾದು ಕೂತ ಜನರಿಗೂ ಹೊತ್ತು ಹೋಗುತ್ತದೆ, ತಂಡಕ್ಕೂ ಪೂರ್ತಿ ಸಮಯ ಸಿಗುತ್ತದೆ, ಹತ್ತು ಗಂಟೆಯ ಗೆರೆಯ ಭಯವೂ ಇಲ್ಲ.

ಮಳೆಯ ಮೀಲಾದ್ ಬರುತ್ತಿದೆ

ಈ ಮಾತನ್ನು ಈಗಲೇ ಆಡಲು ಒಂದು ಕಾರಣವೂ ಉಂಟು. ದಫ್ ತಂಡಗಳಿಗೆ ವರ್ಷದಲ್ಲಿ ಅತಿ ಹೆಚ್ಚು ಕೆಲಸ ಇರುವುದು ರಬೀವುಲ್ ಅವ್ವಲ್ ತಿಂಗಳಿನಲ್ಲಿ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹೀಗಾಗಿ ಆ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಮೀಲಾದ್ 2023ರಲ್ಲಿ ಸೆಪ್ಟೆಂಬರ್ ಕೊನೆಗೆ ಇತ್ತು, 2024ರಲ್ಲಿ ಸೆಪ್ಟೆಂಬರ್ ನಡುವಿಗೆ ಬಂತು, 2025ರಲ್ಲಿ ಸೆಪ್ಟೆಂಬರ್ ಮೊದಲ ವಾರಕ್ಕೆ. 2026ರಲ್ಲಿ ಆಗಸ್ಟ್ ಕೊನೆಯ ವಾರ, 2027ರಲ್ಲಿ ಸ್ವಾತಂತ್ರ್ಯ ದಿನದ ಆಸುಪಾಸು, 2029ರ ಹೊತ್ತಿಗೆ ಜುಲೈ. ಅಂದರೆ ಬರುವ ಕೆಲವು ವರ್ಷ ಮೀಲಾದಿನ ಮೆರವಣಿಗೆ, ಬಯಲು ಕಾರ್ಯಕ್ರಮಗಳೆಲ್ಲ ಕರಾವಳಿಯ ಜಡಿಮಳೆಗೇ ಸಿಗುತ್ತವೆ. ಮೆರವಣಿಗೆ ಅರ್ಧ ದಾರಿಯಲ್ಲಿ ನಿಲ್ಲುವುದು, ಸಂಜೆಯ ಕಾರ್ಯಕ್ರಮ ಹಾಲಿನೊಳಗೆ ಹೋಗುವುದು, ಇವತ್ತಿನದ್ದು ನಾಳೆಗೆ ಹೋಗುವುದು ಇವೆಲ್ಲ ಹೆಚ್ಚುತ್ತವೆ. ಚರ್ಮದ ದಫ್ ಹಿಡಿದವರಿಗೆ ಇದು ಎರಡು ಪಟ್ಟು ಕಷ್ಟದ ಕಾಲ.

ಆದ್ದರಿಂದ ಈ ಸಲ ಮೀಲಾದ್ ಸಮಿತಿಯ ಮೊದಲ ಮೀಟಿಂಗಿನಲ್ಲೇ ಇದನ್ನೂ ಒಂದು ವಿಷಯವಾಗಿ ಇಟ್ಟುಕೊಳ್ಳಿ. ಮಳೆ ಬಂದರೆ ಎಲ್ಲಿಗೆ ಹೋಗುವುದು, ತಂಡಕ್ಕೆ ಯಾರು ಫೋನ್ ಮಾಡುವುದು, ಎಷ್ಟು ಹೊತ್ತಿಗೆ ಮೊದಲು ಮಾಡುವುದು, ದಿನ ಮುಂದೆ ಹೋದರೆ ಅಡ್ವಾನ್ಸ್ ಏನಾಗುವುದು? ನಾಲ್ಕು ಪ್ರಶ್ನೆಗೆ ನಾಲ್ಕು ಉತ್ತರ ಬರೆದು, ಉಸ್ತಾದರ ಫೋನಿಗೆ ಒಂದು ಪ್ರತಿ ಕಳುಹಿಸಿಬಿಡಿ. ಹುಡುಗರು ಆ ದಿನಕ್ಕೆ ರಜೆ ಕೇಳುವಾಗ ತಮ್ಮ ಧಣಿಗೆ ತೋರಿಸಲಿಕ್ಕಾದರೂ ಅದು ಬೇಕಾಗುತ್ತದೆ.